ಬಿತ್ತನೆಗೆ ಮುಂಚಿನ ಕೆಲಸ: ತಂತ್ರಾಂಶದ ಉಪಕರಣವನ್ನು ಬದಲಿಸಲು ತಕ್ಕ ಕಾಲ

ಶ್ರಾವಣ ಭಾದ್ರಪದಗಳ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳಲ್ಲಿ, ತೊಗರಿಯ ಸಾಲಿಗೆ ಎದುರಾಗಿ ಬದುವಿನ ಮೇಲೆ ನಿಂತು, ಕೈಯಲ್ಲಿರುವ ಮೊಬೈಲಿನಿಂದ ತನ್ನ ಬೆಳೆಯ ಚಿತ್ರವನ್ನು ತೆಗೆಯುತ್ತಿರುವ ರೈತನ ದೃಶ್ಯವು ಈಗ ಯಾರಿಗೂ ಅಪರಿಚಿತವಾದುದಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯು ಎಷ್ಟು ವಿಸ್ತೀರ್ಣದಲ್ಲಿ ನಿಂತಿದೆಯೆಂಬುದನ್ನು ರೈತನು ತಾನೇ ದಾಖಲಿಸುವ ಅವಕಾಶವನ್ನು ರಾಜ್ಯ ಸರ್ಕಾರವು 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪಿನ ಮೂಲಕ ಕಲ್ಪಿಸಿಕೊಟ್ಟಿತು. ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಪ್ರಕೃತಿವಿಕೋಪದ ಪರಿಹಾರ ಇವೆಲ್ಲಕ್ಕೂ ಆ ದಾಖಲೆಯು ಆಧಾರವಾಗುತ್ತ ಬಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮಾ ನದಿಯು ಉಕ್ಕಿ ಅಫಜಲಪುರ, ಜೇವರ್ಗಿಗಳ ತೀರದ ಹೊಲಗಳನ್ನೆಲ್ಲ ಮುಳುಗಿಸಿದಾಗ, ನೀರು ಬರುವುದಕ್ಕೆ ಮುಂಚೆ ಆ ನೆಲದಲ್ಲಿ ಏನಿತ್ತೆಂಬುದನ್ನು ಹೇಳಬಲ್ಲ ದಾಖಲೆಯ ಬೆಲೆ ಎಷ್ಟೆಂಬುದು ಬೇರೆ ನಿದರ್ಶನದ ಅಗತ್ಯವಿಲ್ಲದಂತೆ ಸ್ಪಷ್ಟವಾಯಿತು.

ಇಂಥ ಆ್ಯಪುಗಳ ವಿಷಯದಲ್ಲಿ ಜನರ ಕಣ್ಣಿಗೆ ಬೀಳುವುದು ಪರದೆಯ ಮೇಲಿನ ಗುಂಡಿಗಳು ಮಾತ್ರ. ಅವುಗಳ ಹಿಂದೆ, ಬಳಸುವವರಿಗೆ ಎಂದೂ ಕಾಣಿಸದೆ, ಆದರೆ ಅದು ಕೆಟ್ಟರೆ ಉಳಿದುದೆಲ್ಲ ನಿಲ್ಲುವಂತೆ, ಒಂದು ಉಪಕರಣವು ಕೆಲಸಮಾಡುತ್ತಿರುತ್ತದೆ. ಪ್ರೋಗ್ರಾಮರುಗಳು ಬರೆದ ನೂರಾರು ಕಡತಗಳನ್ನು ಯಂತ್ರಕ್ಕೆ ತಿಳಿಯುವ ಸಂಕೇತಗಳಾಗಿ ಪರಿವರ್ತಿಸಿ, ಅನ್ಯರು ಬರೆದಿಟ್ಟ ಲೈಬ್ರರಿಗಳನ್ನು ದೂರದ ಭಂಡಾರಗಳಿಂದ ತರಿಸಿ ಅವುಗಳೊಡನೆ ಜೋಡಿಸಿ, ಪರೀಕ್ಷೆಗಳಿಗೆ ಒಡ್ಡಿ, ಕಡೆಗೆ ಮೊಬೈಲಿಗೆ ಇಳಿಸಿಕೊಳ್ಳಬಹುದಾದ ಒಂದೇ ಕಟ್ಟಾಗಿ ರೂಪಿಸಿಕೊಡುವ ಇದನ್ನು ಆ ವೃತ್ತಿಯವರು ಬಿಲ್ಡ್ ಟೂಲ್ ಎಂದು ಕರೆಯುತ್ತಾರೆ. ಈ ಉಪಕರಣಕ್ಕೂ ವಯಸ್ಸಾಗುತ್ತದೆ, ಹೊಸ ಆವೃತ್ತಿಗಳು ಬರುತ್ತವೆ, ಹಳೆಯವು ನಿರುಪಯುಕ್ತವಾಗುತ್ತವೆ. ಅದನ್ನು ಎಂದು ಬದಲಿಸಬೇಕೆಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಪ್ರೋಗ್ರಾಮರುಗಳ ಒಳಮನೆಯ ವಿಷಯವೆಂದು ಬಿಟ್ಟುಬಿಡುವ ರೂಢಿಯುಂಟು. ನನಗೆ ಆ ರೂಢಿಯು ಸರಿಯೆಂದು ತೋರುವುದಿಲ್ಲ. ಏಕೆಂದರೆ ಆ ನಿರ್ಧಾರವು ತಪ್ಪಿದ ದಿನ ಅದರ ಭಾರವನ್ನು ಹೊರುವವನು ಹೊಲದಲ್ಲಿ ನಿಂತವನು.

ಈ ಜಾತಿಯ ಉಪಕರಣಗಳ ಪೈಕಿ ಅತ್ಯಂತ ಪ್ರಸಿದ್ಧವಾದ ‘ಮೇಕ್’ ಎಂಬುದನ್ನು 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬಾತನು ರಚಿಸಿದನು. ಅದರಲ್ಲಿ ಪ್ರತಿಯೊಂದು ಆದೇಶದ ಸಾಲೂ ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕೆಂಬ ನಿಯಮವೊಂದು ಸೇರಿಕೊಂಡಿತು. ನೋಡುವ ಕಣ್ಣಿಗೆ ಟ್ಯಾಬಿಗೂ ಬರಿಯ ಖಾಲಿ ಜಾಗಕ್ಕೂ ಭೇದವೇ ತೋರದಿರುವುದರಿಂದ ಅದು ತೊಂದರೆಯ ನಿಯಮವೆಂಬುದು ಬಲುಬೇಗನೆ ಕರ್ತೃವಿಗೇ ಗೊತ್ತಾಯಿತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ, ಬಹುಮಟ್ಟಿಗೆ ಸ್ನೇಹಿತರೇ, ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂಬ ದಾಕ್ಷಿಣ್ಯದಿಂದ ಆತನು ಆ ನಿಯಮವನ್ನು ಹಾಗೆಯೇ ಉಳಿಸಿದನು. ಐದು ದಶಕಗಳಾಗುತ್ತ ಬಂದರೂ ಲಕ್ಷಾಂತರ ಪ್ರೋಗ್ರಾಮರುಗಳು ಆ ಟ್ಯಾಬನ್ನು ಇಂದಿಗೂ ಎಚ್ಚರದಿಂದ ಒತ್ತುತ್ತಿದ್ದಾರೆ. 2003ರಲ್ಲಿ ಇದೇ ಮೇಕ್‌ಗಾಗಿ ಫೆಲ್ಡ್‌ಮನ್ನನಿಗೆ ಎಸಿಎಂ ಸಂಸ್ಥೆಯ ಪ್ರತಿಷ್ಠಿತ ಪ್ರಶಸ್ತಿಯು ಸಂದಿತೆಂಬುದನ್ನು ನೆನೆದರೆ, ಎಷ್ಟೇ ಉತ್ಕೃಷ್ಟವಾದ ಕೃತಿಯಲ್ಲಿಯೂ ಹನ್ನೆರಡು ಮಂದಿಯಿದ್ದಾಗ ಸುಲಭವಾಗಿದ್ದ ತಿದ್ದುಪಡಿಯು ಹನ್ನೆರಡು ಲಕ್ಷ ಮಂದಿಯಾದಾಗ ಅಸಾಧ್ಯವಾಗುವುದೆಂಬುದು ಮನಸ್ಸಿಗೆ ಬರುತ್ತದೆ.

ಈಗ ಆಂಡ್ರಾಯ್ಡ್ ಮೊಬೈಲಿನ ಆ್ಯಪುಗಳನ್ನು ಕಟ್ಟಲು ಗೂಗಲ್ ಸಂಸ್ಥೆಯು ಅಧಿಕೃತವಾಗಿ ಅಂಗೀಕರಿಸಿರುವ ಉಪಕರಣ ಗ್ರೇಡಲ್. ಅದರ ಮೊದಲನೆಯ ಪೂರ್ಣ ಆವೃತ್ತಿಯು 2012ರಲ್ಲಿ ಹೊರಬಂದಿತು. 2018ರಲ್ಲಿ ಐದನೆಯದು, 2019ರಲ್ಲಿ ಆರನೆಯದು, 2021ರಲ್ಲಿ ಏಳನೆಯದು, 2023ರಲ್ಲಿ ಎಂಟನೆಯದು, 2025ರಲ್ಲಿ ಒಂಬತ್ತನೆಯದು. ಪ್ರತಿಯೊಂದು ದೊಡ್ಡ ಆವೃತ್ತಿಯಲ್ಲಿಯೂ ಹಳೆಯ ಕೆಲವು ಪದ್ಧತಿಗಳು ಕಿತ್ತುಹೋಗುತ್ತವೆ. ಲೈಬ್ರರಿಗಳನ್ನು ಸೇರಿಸಲು ಬಹುಕಾಲದಿಂದ ಬರೆಯುತ್ತ ಬಂದಿದ್ದ ‘ಕಂಪೈಲ್’ ಎಂಬ ಸೂಚನೆಯು ಏಳನೆಯ ಆವೃತ್ತಿಯಲ್ಲಿ ಇಲ್ಲವಾದುದೇ ಇದಕ್ಕೆ ಉದಾಹರಣೆ. ಅಲ್ಲಿಯವರೆಗೆ ಎಚ್ಚರಿಕೆಯ ಸಾಲಾಗಿ ಮಾತ್ರ ಕಾಣಿಸಿಕೊಳ್ಳುತ್ತಿದ್ದುದು ಅಂದಿನಿಂದ ಕೆಲಸವನ್ನೇ ನಿಲ್ಲಿಸುವ ದೋಷವಾಯಿತು.

ಹೊಸದು ಬಂದೊಡನೆ ಹಾರಿಹೋಗಿ ಅದನ್ನು ಅಪ್ಪಿಕೊಳ್ಳಬೇಕೆ, ಇಲ್ಲವೆ ನಡೆಯುತ್ತಿರುವುದನ್ನು ಮುಟ್ಟದೆ ಬಿಡಬೇಕೆ? ಈ ಪ್ರಶ್ನೆಯನ್ನು ಗ್ರಂಥಗಳಿಂದ ಬಗೆಹರಿಸುವುದಕ್ಕಿಂತ ಇದೇ ಜಿಲ್ಲೆಯ ಇತಿಹಾಸದಲ್ಲಿ ನಡೆದುಹೋದ ಒಂದು ದೊಡ್ಡ ಪ್ರಯೋಗವನ್ನು ನೋಡುವುದು ಲೇಸು. ಕರ್ನಾಟಕದಲ್ಲಿ ಜಮೀನಿನ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಥಮ ಪ್ರಾಯೋಗಿಕ ಯೋಜನೆಯು, ಪೂರ್ತಿಯಾಗಿ ಕೇಂದ್ರ ಸರ್ಕಾರದ ಹಣದಿಂದ, 1991ರಲ್ಲಿ ಆರಂಭವಾದುದು ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ. 1996ರ ವೇಳೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಅಂಥ ಯೋಜನೆಗಳು ಮಂಜೂರಾದವು. ಉದ್ದೇಶವು ಘನವಾದುದು, ಯಂತ್ರವೂ ಆ ಕಾಲಕ್ಕೆ ಹೊಸದು. ಆದರೆ ಆ ಯೋಜನೆಗಳಲ್ಲಿ ತಾಲ್ಲೂಕು ಕಚೇರಿಗಳಿಗೆ ಗಣಕಯಂತ್ರವನ್ನು ಕೊಡುವ ಏರ್ಪಾಡೇ ಇರಲಿಲ್ಲ. ಪಹಣಿಯೆಂಬುದು ಒಮ್ಮೆ ಬರೆದಿಟ್ಟು ಮುಗಿಯುವ ಬರವಣಿಗೆಯಲ್ಲ. ಖರೀದಿಯಾದಾಗ, ವಾರಸುದಾರಿಕೆ ಬಂದಾಗ, ಅಣ್ಣತಮ್ಮಂದಿರು ಪಾಲಾದಾಗ ಅದು ಬದಲಾಗುತ್ತಲೇ ಇರತಕ್ಕದ್ದು. ಆ ಬದಲಾವಣೆಗಳು ಆಗ ನಡೆಯುತ್ತಿದ್ದುದು ಗ್ರಾಮ ಲೆಕ್ಕಿಗನ ಕೈಯಲ್ಲಿ, ತಾಲ್ಲೂಕಿನ ಮಟ್ಟದಲ್ಲಿ. ಯಂತ್ರವು ಒಂದು ಕಡೆ, ತಿದ್ದುಪಡಿಯು ಇನ್ನೊಂದು ಕಡೆ ಆದುದರಿಂದ, ಆಳಂದದಲ್ಲಿ ಹೆಸರು ಬದಲಾದ ಹೊಲವು ಗಣಕದಲ್ಲಿ ಹಳೆಯ ಹೆಸರಿನಲ್ಲಿಯೇ ಉಳಿಯುವ ಸ್ಥಿತಿಗೆ ಎಡೆಯಾಯಿತಲ್ಲದೆ, ರೈತನು ಕೈಬರಹದ ಪಹಣಿಯನ್ನೇ ಆಶ್ರಯಿಸುವುದು ಮುಂದುವರಿಯಿತು.

ಉಪಕರಣವನ್ನು ಬದಲಿಸುವ ಕಾಲವು ಬಂದಿದೆಯೋ ಇಲ್ಲವೋ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ. ಪ್ರತಿನಿತ್ಯ ಕೆಲಸವು ನಡೆಯುವ ಸ್ಥಳಕ್ಕೆ ಹೊಸ ಉಪಕರಣವು ತಲುಪುವ ಸಿದ್ಧತೆಯಿಲ್ಲದಿದ್ದರೆ ಕಾಲವಿನ್ನೂ ಬಂದಿಲ್ಲ. ರಾಜಧಾನಿಯ ಕಚೇರಿಯೊಂದರಲ್ಲಿ ಹಿರಿಯ ಪ್ರೋಗ್ರಾಮರನು ತನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಗ್ರೇಡಲನ್ನು ಓಡಿಸಿ ತೃಪ್ತನಾಗಿ, ಉಳಿದ ನಾಲ್ವರ ಯಂತ್ರಗಳಲ್ಲಿಯೂ ಆ್ಯಪನ್ನು ಕಟ್ಟಿ ಹೊರಬಿಡುವ ಸರ್ವರಿನಲ್ಲಿಯೂ ಹಳೆಯದೇ ಇರುವಂತೆ ಬಿಟ್ಟರೆ, ಅದು 1991ರ ಯೋಜನೆಯ ಪುನರಾವರ್ತನೆಯಲ್ಲದೆ ಬೇರೆಯಲ್ಲ. ಯೋಜನೆಯ ಕಡತಗಳೊಳಗೇ ಉಪಕರಣದ ಆವೃತ್ತಿಯನ್ನು ನಮೂದಿಸಿ, ಯಾರು ಎಲ್ಲಿ ಕಟ್ಟಿದರೂ ಅದೇ ಆವೃತ್ತಿಯು ತಾನಾಗಿ ಇಳಿದುಬರುವಂತೆ ಮಾಡುವ ‘ರ್‍ಯಾಪರ್’ ಎಂಬ ಏರ್ಪಾಡು ಗ್ರೇಡಲಿನಲ್ಲಿರುವುದು ಈ ವಿಪತ್ತನ್ನು ತಪ್ಪಿಸುವುದಕ್ಕಾಗಿಯೇ.

ಅನಂತರ ಬಂದ ‘ಭೂಮಿ’ ಯೋಜನೆಯು ಈ ತಪ್ಪನ್ನು ತಿದ್ದಿದ ಬಗೆಯು ಇನ್ನೂ ಸೂಕ್ಷ್ಮವಾಗಿ ಪರಿಶೀಲಿಸತಕ್ಕದ್ದು. ರಾಜ್ಯದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರ ನೆರವಿನಿಂದ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕೈಗೊಂಡ ಈ ಕಾರ್ಯದಲ್ಲಿ ಸುಮಾರು 67 ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ಅದುವರೆಗೆ ಅವುಗಳನ್ನು ಇಟ್ಟುಕೊಂಡಿದ್ದವರು ಸುಮಾರು 9,000 ಗ್ರಾಮ ಲೆಕ್ಕಿಗರು. ಯಂತ್ರವು ತಾಲ್ಲೂಕು ಕಚೇರಿಗೇ ಬಂದಿತು. ಏರಿಸಿದ ದಾಖಲೆಗಳನ್ನು ಮೂಲದೊಡನೆ ತಾಳೆ ನೋಡಲಾಯಿತು. ತಾಲ್ಲೂಕೊಂದರಲ್ಲಿ ಹೊಸ ವ್ಯವಸ್ಥೆಯು ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲವೆಂದು ಅಧಿಕೃತವಾಗಿ ಪ್ರಕಟಿಸಲಾಯಿತು. 15 ರೂಪಾಯಿ ಕೊಟ್ಟವರಿಗೆ ಕೌಂಟರಿನಲ್ಲಿಯೇ ಪಹಣಿಯ ಪ್ರತಿ ದೊರೆಯಿತು. ಹೆಸರು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗುವಂತೆಯೂ, ತಿದ್ದುಪಡಿ ಮಾಡುವ ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗುವಂತೆಯೂ ಕಟ್ಟುಪಾಡುಗಳಾದವು.

ಇವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಹಳೆಯದಕ್ಕೆ ಮಾನ್ಯತೆಯನ್ನು ರದ್ದುಪಡಿಸಿದ ಧೈರ್ಯ. ಎರಡು ಪುಸ್ತಕಗಳು ಏಕಕಾಲದಲ್ಲಿ ಚಾಲ್ತಿಯಲ್ಲಿದ್ದರೆ ಎರಡೂ ಸುಳ್ಳಾಗುವುದು ಕೆಲವೇ ತಿಂಗಳುಗಳ ಮಾತು. ತಂತ್ರಾಂಶದ ತಂಡಗಳಲ್ಲಿ, ಮೇವನ್ ಎಂಬ ಹಳೆಯ ಉಪಕರಣದ ಕಡತವನ್ನೂ ಗ್ರೇಡಲಿನ ಹೊಸ ಕಡತವನ್ನೂ ‘ಇರಲಿ, ಎಂದಾದರೂ ಬೇಕಾದೀತು’ ಎಂದು ಜೊತೆಯಲ್ಲಿಯೇ ಉಳಿಸಿಕೊಂಡು, ಒಂದರಲ್ಲಿ ಲೈಬ್ರರಿಯ ಆವೃತ್ತಿಯನ್ನು ತಿದ್ದಿ ಇನ್ನೊಂದರಲ್ಲಿ ಮರೆತು, ಕಡೆಗೆ ಯಾವ ಕಟ್ಟಿನಲ್ಲಿ ಏನಿದೆಯೆಂಬುದೇ ತಿಳಿಯದಾಗುವ ಪ್ರಸಂಗಗಳು ಅಪರೂಪವೇನಲ್ಲ. ಹಳೆಯದನ್ನು ಮುಚ್ಚುವ ದಿನಾಂಕವನ್ನು ಗೊತ್ತುಮಾಡಲಾರದ ತಂಡವು ಹೊಸದನ್ನು ತೆರೆಯುವ ದಿನಾಂಕವನ್ನೂ ಇನ್ನೂ ಗೊತ್ತುಮಾಡಬಾರದು.

ಹಾಗೆಂದು ಕಾಯುತ್ತ ಕುಳಿತಿರುವುದು ಕ್ಷೇಮವೆಂದು ಭಾವಿಸುವಂತಿಲ್ಲ. ಕಾಯುವಿಕೆಯ ಅವಧಿಯು ನಮ್ಮ ಕೈಯಲ್ಲಿಲ್ಲ. ಜಾವಾ ಭಾಷೆಯ ಲೈಬ್ರರಿಗಳ ಮಹಾಭಂಡಾರವಾದ ಮೇವನ್ ಸೆಂಟ್ರಲ್, 2020ರ ಜನವರಿ 15ರಿಂದ, ಸುರಕ್ಷಿತವಲ್ಲದ ಹಳೆಯ ಸಂಪರ್ಕವಿಧಾನದಿಂದ ಕೇಳಿದವರಿಗೆ ಏನನ್ನೂ ಕೊಡುವುದಿಲ್ಲವೆಂದು ಬಾಗಿಲು ಮುಚ್ಚಿತು. ಹಿಂದಿನ ದಿನದವರೆಗೆ ಸುಗಮವಾಗಿ ನಡೆದಿದ್ದ ಎಷ್ಟೋ ಯೋಜನೆಗಳು, ತಮ್ಮಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಅಂದು ನಿಂತುಹೋದವು. ಆಂಡ್ರಾಯ್ಡ್ ಲೋಕವು ಬಹುವಾಗಿ ನೆಚ್ಚಿಕೊಂಡಿದ್ದ ಜೆಸೆಂಟರ್ ಎಂಬ ಇನ್ನೊಂದು ಭಂಡಾರವನ್ನು ಮುಚ್ಚುವುದಾಗಿ ಅದರ ಒಡೆಯರು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದಾಗ ಜನರಿಗೆ ದೊರೆತುದು ಕೇವಲ ಮೂರು ತಿಂಗಳ ಗಡುವು. ಅನಂತರ ಹಳೆಯ ಕಡತಗಳನ್ನು ಓದುವುದಕ್ಕೆ ಮಾತ್ರ ಅವಕಾಶ ಉಳಿಯಿತಾದರೂ, ಹೊಸದೇನೂ ಅಲ್ಲಿಗೆ ಸೇರುವಂತಿರಲಿಲ್ಲ. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಲೈಬ್ರರಿಯಲ್ಲಿ ಭಯಂಕರವಾದ ಭದ್ರತಾದೋಷವು ಬೆಳಕಿಗೆ ಬಂದಾಗ, ತಮ್ಮ ತಂತ್ರಾಂಶದೊಳಗೆ ಆ ಲೈಬ್ರರಿಯು ಎಲ್ಲಿ, ಯಾವ ಆವೃತ್ತಿಯಲ್ಲಿ ಅಡಗಿದೆಯೆಂಬುದನ್ನು ತಮ್ಮ ಉಪಕರಣದ ಮುಖಾಂತರ ಗಳಿಗೆಯಲ್ಲಿ ತಿಳಿದು ಬದಲಿಸಬಲ್ಲವರಾಗಿದ್ದ ತಂಡಗಳಿಗೂ, ವರ್ಷಗಳಿಂದ ಯಾರೂ ಮುಟ್ಟದ ಕಡತವನ್ನು ಬಿಚ್ಚಿ ನೋಡಬೇಕಾದ ತಂಡಗಳಿಗೂ ಇದ್ದ ಅಂತರವು ಎದ್ದುಕಂಡಿತು.

ಆಂಡ್ರಾಯ್ಡ್ ಆ್ಯಪುಗಳಿಗಾದರೋ ಗಡುವು ಪ್ರತಿವರ್ಷವೂ ಬರುತ್ತದೆ. 2018ರಿಂದ ಮೊದಲ್ಗೊಂಡು ಗೂಗಲ್ ಪ್ಲೇ ಅಂಗಡಿಯು, ಅಲ್ಲಿಗೆ ಬರುವ ಹೊಸ ಆ್ಯಪುಗಳೂ ಹಳೆಯ ಆ್ಯಪುಗಳ ತಿದ್ದುಪಡಿಗಳೂ ಇತ್ತೀಚಿನ ಆಂಡ್ರಾಯ್ಡ್ ಮಟ್ಟವನ್ನು ಲಕ್ಷಿಸಿ ಕಟ್ಟಿದವಾಗಿರಬೇಕೆಂದು ವಿಧಿಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಗಡುವು ಆಗಸ್ಟ್ 31. ಈ ವಿಧಿಯು ಸರಪಳಿಯಂತೆ ಒಂದರಿಂದ ಇನ್ನೊಂದಕ್ಕೆ ಎಳೆಯುತ್ತದೆ. ಹೊಸ ಆಂಡ್ರಾಯ್ಡ್ ಮಟ್ಟಕ್ಕೆ ಹೊಂದಬೇಕಾದರೆ ಗ್ರೇಡಲಿಗೆ ಜೋಡಿಸುವ ಆಂಡ್ರಾಯ್ಡ್ ಪ್ಲಗಿನ್ ಹೊಸದಾಗಬೇಕು. ಆ ಪ್ಲಗಿನ್ನಿನ ಎಂಟನೆಯ ಆವೃತ್ತಿಗೆ ಗ್ರೇಡಲಿನ ಎಂಟನೆಯ ಆವೃತ್ತಿಯೂ, ಅದರೊಡನೆ ಜಾವಾದ 17ನೆಯ ಆವೃತ್ತಿಯೂ ಬೇಕು. ಜಾವಾ ಬದಲಾದೊಡನೆ ಹಳೆಯ ಲೈಬ್ರರಿಗಳಲ್ಲಿ ಕೆಲವು ಮುನಿಯುತ್ತವೆ. ಒಂದು ಕೊಂಡಿಯನ್ನು ಎತ್ತಲು ಹೋದವನಿಗೆ ಇಡೀ ಸರಪಳಿಯ ತೂಕ ಕೈಗೆ ಬರುತ್ತದೆ.

ಆಗಸ್ಟ್ 31 ಎಂಬ ದಿನಾಂಕವನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿ ಜೇವರ್ಗಿಯ ತೊಗರಿ ಇದ್ದಿರಲಾರದು. ಆದರೆ ಮುಂಗಾರಿನ ಬೆಳೆ ಸಮೀಕ್ಷೆಯು ಭರದಿಂದ ನಡೆಯುವ ಕಾಲವೂ ಅದೇ. ಸೆಪ್ಟೆಂಬರಿನ ಮೊದಲ ವಾರದಲ್ಲಿ, ಒಂದು ಹೋಬಳಿಯ ಸರ್ವೆ ನಂಬರುಗಳು ಪರದೆಯ ಮೇಲೆ ಮೂಡುತ್ತಿಲ್ಲವೆಂಬ ದೂರು ಬಂದಿತೆನ್ನಿ. ದೋಷವು ಸಣ್ಣದು, ತಿದ್ದಲು ಅರ್ಧ ದಿನ ಸಾಕು. ಆದರೆ ಆ ತಿದ್ದುಪಡಿಯನ್ನು ಅಂಗಡಿಯು ಸ್ವೀಕರಿಸಬೇಕಾದರೆ ಮೇಲೆ ಹೇಳಿದ ಸರಪಳಿಯೆಲ್ಲ ಏರಿರಬೇಕು. ಕೋರಿಕೆ ಸಲ್ಲಿಸಿದವರಿಗೆ ನವೆಂಬರ್ 1ರವರೆಗೆ ಅವಧಿಯನ್ನು ವಿಸ್ತರಿಸಿಕೊಡುವ ಸೌಲಭ್ಯವುಂಟೆಂಬುದು ನಿಜ. ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪೂ ಇಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ವರ್ಷದ ಲೆಕ್ಕವನ್ನು ಹಾಕುವವನು, ಇಡೀ ಉನ್ನತೀಕರಣದ ಗಲಿಬಿಲಿಯನ್ನೂ ಜಿಲ್ಲೆಯ ರೈತರ ಅವಸರವನ್ನೂ ಒಂದೇ ವಾರಕ್ಕೆ ತಂದು ಕೂಡಿಸಿದಂತಾಗುತ್ತದೆ.

ಈ ಸೀಮೆಯ ಒಕ್ಕಲುತನಕ್ಕೆ ಇದರ ಉತ್ತರವು ಬಹುಕಾಲದಿಂದ ಗೊತ್ತಿದೆ. ಮೃಗಶಿರೆಯ ಮಳೆ ಬಿದ್ದು ನೆಲ ಹದವಾದ ಮೇಲೆ ಯಾರೂ ಕೂರಿಗೆಯನ್ನು ಬಿಚ್ಚಿ ಬಡಗಿಯ ಮನೆಗೆ ಒಯ್ಯುವುದಿಲ್ಲ. ಆ ಕೆಲಸವು ಬಿಸಿಲಿನ ದಿನಗಳಲ್ಲಿಯೇ ಮುಗಿದಿರುತ್ತದೆ. ಮುಂಗಾರಿನ ಸಮೀಕ್ಷೆಯಾಗಿ, ಬಿಳಿಜೋಳ ಕಡಲೆಗಳ ಹಿಂಗಾರಿನದೂ ಕಳೆದು, ಡಿಸೆಂಬರ್ ಜನವರಿಗಳಲ್ಲಿ ತೊಗರಿಯ ರಾಶಿಯೂ ಆದ ಮೇಲೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಬಗೆಯ ತಂತ್ರಾಂಶಗಳ ಮೇಲಿನ ಒತ್ತಡವು ವರ್ಷದಲ್ಲಿಯೇ ಅತ್ಯಂತ ಕಡಿಮೆಯಾಗಿರುತ್ತದೆ. ಬೇಸಿಗೆಯ ಬೆಳೆಗಳ ಸಮೀಕ್ಷೆಯಿದ್ದರೂ ಒಣಬೇಸಾಯದ ಈ ತಾಲ್ಲೂಕುಗಳಲ್ಲಿ ಅದರ ವ್ಯಾಪ್ತಿ ಕಿರಿದು. ಆದುದರಿಂದ ಉಪಕರಣವನ್ನು ಬದಲಿಸುವ ಕಾಲವನ್ನು ಹೊಸ ಆವೃತ್ತಿಯು ಹೊರಬಂದ ದಿನದಿಂದ ಎಣಿಸುವುದಾಗಲಿ, ಅಂಗಡಿಯ ಗಡುವಿನಿಂದ ಹಿಂದಕ್ಕೆ ಎಣಿಸುವುದಾಗಲಿ ಎರಡೂ ನನಗೆ ಒಪ್ಪಿಗೆಯಲ್ಲ. ಆ ತಂತ್ರಾಂಶವನ್ನು ನಂಬಿದವರ ವರ್ಷದಲ್ಲಿ ಬಿಡುವು ಎಲ್ಲಿದೆಯೋ ಅಲ್ಲಿ ಅದನ್ನು ಕೂಡಿಸಬೇಕು. ಶಾಲೆಗಳ ತಂತ್ರಾಂಶಕ್ಕೆ ಬೇಸಿಗೆಯ ರಜೆ ಹೇಗೋ, ತೆರಿಗೆಯ ತಂತ್ರಾಂಶಕ್ಕೆ ಮಾರ್ಚ್ ಹೇಗೆ ವರ್ಜ್ಯವೋ ಹಾಗೆ.

ಬಿಡುವು ದೊರೆತಾಗ ಕೆಲಸವನ್ನು ನಡೆಸುವ ಕ್ರಮವನ್ನು ಕುರಿತು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಗ್ರೇಡಲಿನ ಐದನೆಯ ಆವೃತ್ತಿಯಿಂದ ಒಂಬತ್ತನೆಯದಕ್ಕೆ ಒಮ್ಮೆಗೇ ಹಾರದೆ ಆರು, ಏಳು, ಎಂಟೆಂದು ಮೆಟ್ಟಿಲು ಹತ್ತುವುದು. ಪ್ರತಿ ಮೆಟ್ಟಿಲಿನಲ್ಲಿಯೂ ಉಪಕರಣವು ಕೊಡುವ ಎಚ್ಚರಿಕೆಗಳನ್ನು, ಅವು ದೋಷಗಳಾಗುವುದಕ್ಕೆ ಮುಂಚೆಯೇ, ಪೂರ್ತಿಯಾಗಿ ತೀರಿಸುವುದು. ಆ ದಿನಗಳಲ್ಲಿ ಆ್ಯಪಿಗೆ ಬೇರೆ ಯಾವ ಹೊಸ ಸೌಕರ್ಯವನ್ನೂ ಸೇರಿಸದಿರುವುದು. ಹಳೆಯ ಉಪಕರಣದಿಂದ ಕಟ್ಟಿದುದನ್ನೂ ಹೊಸದರಿಂದ ಕಟ್ಟಿದುದನ್ನೂ ಪಕ್ಕದಲ್ಲಿಟ್ಟು, ಪಹಣಿಯ ಪ್ರತಿಗಳನ್ನು ಮೂಲದೊಡನೆ ತಾಳೆ ನೋಡಿದಂತೆ, ಒಳಗಿರುವ ಲೈಬ್ರರಿಗಳ ಪಟ್ಟಿಯನ್ನು ಸಾಲುಸಾಲಾಗಿ ಹೋಲಿಸುವುದು. ಇಷ್ಟನ್ನು ಪಾಲಿಸಿದವರಿಗೆ ಉನ್ನತೀಕರಣವು ಬೇಸರದ ಕೆಲಸವಾದೀತೇ ಹೊರತು ಅಪಾಯದ ಕೆಲಸವಾಗದು.

ಅಪಾಯವು ಹೆಚ್ಚಾಗುವುದು ಬಹುಕಾಲ ಬಿಟ್ಟಾಗ. 1956ರಲ್ಲಿ ಏಕೀಕೃತ ರಾಜ್ಯಕ್ಕೆ ಸೇರುವವರೆಗೆ ಗುಲಬರ್ಗಾ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿದ್ದುದರಿಂದಲೂ, ನಿಜಾಮನ ಆಡಳಿತವು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದಲೂ, ಈ ಭಾಗದ ಹಳೆಯ ಜಮೀನಿನ ಕಾಗದಗಳು ಆ ಭಾಷೆಯಲ್ಲಿವೆ; ಇಂದು ಮೂಲದಾಖಲೆಯ ವಿವಾದವೆದ್ದಾಗ ಅವುಗಳನ್ನು ಓದಿ ಅರ್ಥ ಹೇಳಬಲ್ಲವರನ್ನು ಅರಸಿಕೊಂಡು ಹೋಗಬೇಕಾಗುತ್ತದೆ. ಕಾಗದವು ಹಾಳಾಗಿಲ್ಲ, ಅದರ ಸತ್ಯವೂ ಕುಂದಿಲ್ಲ. ಓದುವವರು ವಿರಳರಾದರು, ಅಷ್ಟೆ. ಉಪಕರಣದ ಕಡತಗಳಿಗೆ ಈ ಗತಿ ಬರಲು ಎಪ್ಪತ್ತು ವರ್ಷಗಳು ಬೇಡ. ಅದನ್ನು ಬರೆದ ಒಬ್ಬ ಪ್ರೋಗ್ರಾಮರನು ಬೇರೆ ಊರಿಗೆ, ಬೇರೆ ಉದ್ಯೋಗಕ್ಕೆ ಹೋದರೆ ಸಾಕು. ಆ ಸಾಲನ್ನು ಏಕೆ ಬರೆದನು, ಆ ಆವೃತ್ತಿಯನ್ನೇ ಏಕೆ ಹಿಡಿದಿಟ್ಟನು ಎಂಬುದಕ್ಕೆ ಉತ್ತರ ಹೇಳುವವರಿರುವುದಿಲ್ಲ. ಸರ್ಕಾರದ ಕೆಲಸಗಳಲ್ಲಿ ಗುತ್ತಿಗೆಯ ನೌಕರರು ಬದಲಾಗುತ್ತಿರುವುದು ಸಾಮಾನ್ಯವಾದುದರಿಂದ, ತಂಡದಲ್ಲಿ ಹಳೆಯ ಕಡತವನ್ನು ಬಲ್ಲ ಕಡೆಯ ವ್ಯಕ್ತಿಯು ಇನ್ನೂ ಇರುವಾಗಲೇ ಉಪಕರಣವನ್ನು ಬದಲಿಸತಕ್ಕದ್ದೆಂಬುದನ್ನು ನಾನು ಋತುವಿನ ನಿಯಮಕ್ಕೂ ಮೇಲಾಗಿ ಇಡುತ್ತೇನೆ. ಆತನು ಹೊರಡುವ ಸೂಚನೆಯಿದ್ದರೆ ಬೇಸಿಗೆಗಾಗಿ ಕಾಯಬಾರದು.

ಬದಲಿಸದೆ ಬಿಡುವುದೇ ಯುಕ್ತವಾಗಿರುವ ಸಂದರ್ಭವೂ ಇದೆ. ಒಂದು ಹಂಗಾಮಿಗೆಂದೇ ಕಟ್ಟಿ, ಅದು ಮುಗಿದೊಡನೆ ನಿವೃತ್ತಿಗೊಳಿಸಿ, ಮುಂದಿನ ಹಂಗಾಮಿಗೆ ಬೇರೊಂದನ್ನು ಹೊರಡಿಸುವ ಆ್ಯಪುಗಳಲ್ಲಿ, ನಿವೃತ್ತಿಯಾಗಲಿರುವುದರ ಉಪಕರಣವನ್ನು ಏರಿಸಲು ದುಡಿಯುವುದು ವ್ಯರ್ಥ. ಆ ಶ್ರಮವನ್ನೆಲ್ಲ ಮುಂದೆ ಬರಲಿರುವುದರ ಬುನಾದಿಗೆ ಹಾಕಬೇಕು.

ಇನ್ನೊಂದು ವಿಷಯವನ್ನು ಪ್ರೋಗ್ರಾಮರುಗಳು ಮರೆಯುವುದು ಹೆಚ್ಚು. ಉಪಕರಣವನ್ನೂ ಅದರೊಡನೆ ಲೈಬ್ರರಿಗಳನ್ನೂ ಏರಿಸುವಾಗ, ಆ್ಯಪು ನಡೆಯಲು ಬೇಕಾದ ಕನಿಷ್ಠ ಆಂಡ್ರಾಯ್ಡ್ ಆವೃತ್ತಿಯೂ ಸದ್ದಿಲ್ಲದೆ ಮೇಲೇರಬಹುದು. ಗೂಗಲ್ ತಾನೇ ಒದಗಿಸುವ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳು ಇತ್ತೀಚಿನ ವರ್ಷಗಳಲ್ಲಿ ಈ ಕನಿಷ್ಠ ಮಟ್ಟವನ್ನು, ಪ್ರೋಗ್ರಾಮರುಗಳ ಎಪಿಐ ಎಣಿಕೆಯಲ್ಲಿ, 14ರಿಂದ 19ಕ್ಕೂ, ಅಲ್ಲಿಂದ 21ಕ್ಕೂ ಏರಿಸಿವೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ನೋಡುವವನಿಗೆ ಅದು ಕಡತದ ಮೂಲೆಯೊಂದರಲ್ಲಿ ಬದಲಾದ ಅಂಕಿ. ಆದರೆ ಮಗನು ಬಿಟ್ಟ ಹಳೆಯ ಮೊಬೈಲನ್ನೇ ಅಪ್ಪನು ಹತ್ತು ವರ್ಷ ಬಳಸುವ ಮನೆಯಲ್ಲಿ, ಹೊಸ ಆ್ಯಪು ಇಳಿಯುವುದೇ ಇಲ್ಲ, ಏಕೆ ಇಳಿಯಲಿಲ್ಲವೆಂದು ಹೇಳುವವರೂ ಇಲ್ಲ. ಯಾವ ಆಂಡ್ರಾಯ್ಡ್ ಆವೃತ್ತಿಯ ಎಷ್ಟು ಸಾಧನಗಳಲ್ಲಿ ತಮ್ಮ ಆ್ಯಪು ನಡೆಯುತ್ತಿದೆಯೆಂಬ ಲೆಕ್ಕವನ್ನು ಪ್ಲೇ ಅಂಗಡಿಯೇ ತಯಾರಕರಿಗೆ ಕೊಡುತ್ತದೆ. ಉನ್ನತೀಕರಣದ ದಿನಾಂಕಕ್ಕೆ ಸಹಿ ಹಾಕುವ ಮೊದಲು ಆ ಲೆಕ್ಕವನ್ನು ಕೃಷಿ ಇಲಾಖೆಯ ಅಧಿಕಾರಿಯೂ ಪ್ರೋಗ್ರಾಮರನೂ ಜೊತೆಯಲ್ಲಿ ಕುಳಿತು ನೋಡಬೇಕು; ಹಳೆಯ ಮೊಬೈಲುಗಳವರು ಹೊರಗುಳಿಯುವಂತಿದ್ದರೆ, ಅವರ ಬೆಳೆಯನ್ನು ದಾಖಲಿಸಲು ಯಾವ ಊರಿಗೆ ಯಾರು ಹೋಗತಕ್ಕದ್ದೆಂಬುದನ್ನು ಅದೇ ಸಭೆಯಲ್ಲಿ, ಅದೇ ಮೇ ತಿಂಗಳಿನಲ್ಲಿ, ಹೆಸರು ಹಿಡಿದು ಬರೆದಿಡಬೇಕು.